ಅಕ್ಕೋರ ಎಡಗೈ

ಧಾರವಾಡದ ಮಳೆ ಜುಲೈ ತಿಂಗಳ ನಡುವಿಗೆ ಬರುವಷ್ಟರಲ್ಲಿ ಸುರಿಯುವುದನ್ನು ಬಿಟ್ಟು ಜಿನುಗತೊಡಗಿರುತ್ತದೆ. ಮುಂಜಾನೆ ಹಿಡಿದದ್ದು ಸಂಜೆಯಾದರೂ ಬಿಡದ ಆ ಜಿಟಿಜಿಟಿ ಮಳೆಯ ಹೊತ್ತಿನಲ್ಲಿ, ಮಾಳಮಡ್ಡಿಯ ಹಳೆಯ ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ನಾವು ಹದಿನಾಲ್ಕು ಜನ ಜಮಖಾನೆಯ ಮೇಲೆ ಅರ್ಧಚಂದ್ರದಂತೆ ಕುಳಿತು, ಒಂದೇ ಷಡ್ಜವನ್ನು, ಅಂದರೆ ಆಧಾರಸ್ವರವಾದ ‘ಸ’ವನ್ನು, ಹಿಡಿದುಕೊಂಡು, ಎದುರಿಗೆ ಕುಳಿತ ನಮ್ಮ ಅಕ್ಕೋರ ಎಡಗೈ ಯಾವಾಗ ಇಳಿದೀತು ಎಂದು ಕಾಯುತ್ತಿದ್ದೆವು. ನಮ್ಮದು ಬಹಾಯಿ ಧರ್ಮದ ಪ್ರಾರ್ಥನೆಗಳನ್ನು ಹಾಡುವ ಮೇಳ. ಆ ಧರ್ಮದ ಪಂಚಾಂಗದಲ್ಲಿ 19 ದಿನಗಳ 19 ತಿಂಗಳುಗಳಿವೆ. ಜುಲೈ 13ರ ಸುಮಾರಿಗೆ ಆರಂಭವಾಗುವ ತಿಂಗಳಿಗೆ ಕಲಿಮಾತ್ ಎಂದು ಹೆಸರು. ಅರಬ್ಬಿಯಲ್ಲಿ ಅದರ ಅರ್ಥ ನುಡಿಗಳು ಎಂದು. ಕನ್ನಡದ ಕಿವಿಗೆ ಮಾತ್ರ ಆ ಹೆಸರು ಬೇರೆಯಾಗಿ ಕೇಳಿಸುತ್ತದೆ. ‘ಕಲಿ, ಮೊದಲ ಮಾತು ಕಲಿ ಅಂತ ಹೇಳತೈತಿ ಈ ತಿಂಗಳು. ಮಾತು ಕಲಿತ ಮ್ಯಾಲೆ ಹಾಡೋಣಂತ’ ಎಂದು ಅಕ್ಕೋರು ಪ್ರತಿವರ್ಷ ಆ ತಿಂಗಳ ಮೊದಲ ಸಂಜೆ ಹೇಳುತ್ತಿದ್ದರು. ಹೇಳಿದ ಮೇಲೆ ಆ ಇಡೀ ಸಂಜೆ ರಾಗವಿಲ್ಲದೆ ಬರಿಯ ಪ್ರಾರ್ಥನೆಯ ಪಾಠವನ್ನು ಎಲ್ಲರಿಂದಲೂ ಓದಿಸುತ್ತಿದ್ದರು. ಎಲ್ಲಿ ಉಸಿರು ಬೇಕು, ಯಾವ ಒತ್ತಕ್ಷರದ ಮೇಲೆ ನಾಲಿಗೆ ತಡವರಿಸುತ್ತದೆ, ಯಾವ ಪದವನ್ನು ನಾವು ಅರ್ಥ ತಿಳಿಯದೆ ನುಂಗುತ್ತಿದ್ದೇವೆ ಎಂಬುದನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸುತ್ತಿದ್ದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಭಾಗದಲ್ಲಿ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎನ್ನುವುದು ರೂಢಿ. ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಅವರನ್ನು ನಾವೆಲ್ಲ, ಅವರಿಗಿಂತ ಹಿರಿಯರೂ ಸೇರಿದಂತೆ, ಹಾಗೆಯೇ ಕರೆಯುತ್ತಿದ್ದೆವು. ಹಿಂದೂಸ್ಥಾನಿಯಲ್ಲಿ ವಿಶಾರದದವರೆಗೆ ಪರೀಕ್ಷೆ ಕಟ್ಟಿದ್ದರು. ಬಾಲ್ಯದಲ್ಲಿ ಅವರ ಮನೆ ಹುಬ್ಬಳ್ಳಿಯ ಒಂದು ಚರ್ಚಿನ ಹಿಂದಿನ ಓಣಿಯಲ್ಲಿತ್ತು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಮೇಲೆ ಈ ಊರುಗಳಲ್ಲಿ ಕನ್ನಡದ ಕ್ರೈಸ್ತ ಗೀತೆಗಳನ್ನು ಹಲವು ಧ್ವನಿಗಳಲ್ಲಿ ಕೂಡಿ ಹಾಡುವ ಪದ್ಧತಿ ಬೇರೂರಿತ್ತು. ಆ ಹಾಡು ಭಾನುವಾರ ಮುಂಜಾನೆ ಗೋಡೆ ದಾಟಿ ಅವರ ಹಿತ್ತಲಿಗೆ ಬರುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಮೇಲಿನ ಧ್ವನಿಯನ್ನು ಬಿಟ್ಟು ಕೆಳಗಿನ ಧ್ವನಿ ಯಾವುದೆಂದು ಹುಡುಕುವುದು ತಮ್ಮ ಹುಡುಗಾಟವಾಗಿತ್ತೆಂದು ಅವರು ಒಮ್ಮೆ ಹೇಳಿದ್ದರು. ಬಹಾಯಿ ಧರ್ಮವನ್ನು ಅವರು ಸ್ವೀಕರಿಸಿದ್ದು ಮೂವತ್ತು ದಾಟಿದ ಮೇಲೆ. ಅದರ ಕಥೆಯನ್ನು ಅವರು ಯಾರಿಗೂ ಉದ್ದವಾಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಧರ್ಮದ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು ಹೇಳಬೇಕು. 1817ರಲ್ಲಿ ತೆಹರಾನಿನಲ್ಲಿ ಹುಟ್ಟಿದ ಬಹಾಉಲ್ಲಾ ಅದರ ಸಂಸ್ಥಾಪಕರು. ಅವರ ಬರವಿನ ಸುದ್ದಿಯನ್ನು ಮುಂಚಿತವಾಗಿ ಸಾರಿದ ಬಾಬ್ ಅವರು ಶಿರಾಜಿನಲ್ಲಿ ಹುಟ್ಟಿದ್ದು 1819ರಲ್ಲಿ. ನಮ್ಮ ಶಿಶುನಾಳ ಷರೀಫ ಸಾಹೇಬರು ಹುಟ್ಟಿದ್ದೂ ಅದೇ ವರ್ಷ. ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದು ನನಗೆ ಗೊತ್ತು. ಆದರೂ ಷರೀಫರ ಪದಗಳನ್ನು ರೊಟ್ಟಿ ಬಡಿಯುತ್ತ ಹಾಡುತ್ತಿದ್ದ ನನ್ನ ತಾಯಿಗೆ ಈ ಕಾಕತಾಳೀಯ ಬಹಳ ಹಿಡಿಸಿತ್ತು. ಗೋವಿಂದ ಭಟ್ಟರ ಶಿಷ್ಯನಾದ ಮುಸಲ್ಮಾನನ ನಾಡಿನವಳಿಗೆ ದೇವರೊಬ್ಬನೇ, ಧರ್ಮಗಳ ಮೂಲವೊಂದೇ, ಮನುಷ್ಯಕುಲವೊಂದೇ ಎಂಬ ಮಾತು ಹೊಸದೆನಿಸಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತಂದೆ ಸಹೋದ್ಯೋಗಿಯೊಬ್ಬರ ಮನೆಯ ಪ್ರಾರ್ಥನಾ ಸಭೆಗೆ ಹೋಗಿಬಂದು ಮೊದಲು ಹೇಳಿದ ಮಾತು, ‘ಅಲ್ಲಿ ಪೂಜಾರಿ ಇಲ್ಲ’ ಎಂಬುದು. ಬಹಾಯಿಗಳಲ್ಲಿ ಪುರೋಹಿತ ವರ್ಗವೇ ಇಲ್ಲ. ಊರಿನ ಸಮುದಾಯದ ಕೆಲಸಗಳನ್ನು ಒಂಬತ್ತು ಜನರ ಸ್ಥಳೀಯ ಆಧ್ಯಾತ್ಮಿಕ ಸಭೆ ನೋಡಿಕೊಳ್ಳುತ್ತದೆ. ಅದರ ಚುನಾವಣೆಗೆ ಯಾರೂ ಅಭ್ಯರ್ಥಿಯಾಗಿ ನಿಲ್ಲುವುದಿಲ್ಲ, ಪ್ರಚಾರವೂ ಇಲ್ಲ. ಪ್ರತಿ ಬಹಾಯಿ ತಿಂಗಳಿಗೊಮ್ಮೆ ಎಲ್ಲರೂ ಕೂಡುವ, ನಾವು ಫೀಸ್ಟ್ ಎಂದು ಕರೆಯುವ ಸಭೆಯಲ್ಲಿ ಮೊದಲು ಪ್ರಾರ್ಥನೆ, ಆಮೇಲೆ ಸಮಾಲೋಚನೆ, ಕೊನೆಗೆ ಉಪಾಹಾರ ಮತ್ತು ಹರಟೆ. ಸಣ್ಣ ಊರುಗಳ ಸಣ್ಣ ಸಮುದಾಯಗಳಲ್ಲಿ ಇದೆಲ್ಲ ಯಾರದಾದರೂ ಮನೆಯ ಪಡಸಾಲೆಯಲ್ಲಿಯೇ ನಡೆಯುತ್ತದೆ. ನಮ್ಮದೂ ಹಾಗೆಯೇ ಇತ್ತು.

ಹೀಗೆ ಮುಂದಾಳೆಂಬ ಪದವಿಯೇ ಇಲ್ಲದ ಕಡೆಯಲ್ಲಿ ಹಾಡಿನ ಮೇಳಕ್ಕೆ ಮಾತ್ರ ಒಬ್ಬ ಮುಂದಾಳು ಬೇಕಾಗುತ್ತದೆ. ಈ ತೊಡಕನ್ನು ಅಕ್ಕೋರು ಮೊದಲಿನಿಂದಲೂ ಬಲ್ಲವರಾಗಿದ್ದರು. ಅವರು ಮಾಡುತ್ತಿದ್ದ ಕೆಲಸಕ್ಕೆ ಕನ್ನಡದಲ್ಲಿ ಸರಿಯಾದ ಹೆಸರಿಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ. ನಿರ್ದೇಶಕಿ ಎಂದರೆ ಸಿನಿಮಾದ ವಾಸನೆ ಬರುತ್ತದೆ, ಸಂಚಾಲಕಿ ಎಂದರೆ ಸಭೆ ಸಮಾರಂಭದ ಕರಪತ್ರ ನೆನಪಾಗುತ್ತದೆ. ಅವರು ನಮ್ಮ ಎದುರಿಗೆ ನಿಲ್ಲುತ್ತಿರಲಿಲ್ಲ. ಅರ್ಧಚಂದ್ರದ ಎರಡೂ ತುದಿಗಳು ಕೂಡಬೇಕಾದ ಜಾಗದಲ್ಲಿ, ನಮ್ಮಷ್ಟೇ ಎತ್ತರದಲ್ಲಿ, ನೆಲದ ಮೇಲೆ ಕುಳಿತುಕೊಳ್ಳುತ್ತಿದ್ದರು. ಬಲಗೈ ತೊಡೆಯ ಮೇಲೆ ಸದ್ದಾಗದಂತೆ ತಾಳ ಹಾಕುತ್ತಿತ್ತು. ಉಳಿದ ಎಲ್ಲ ಕೆಲಸ ಎಡಗೈಯದು. ಅಂಗೈ ಮೇಲಾದರೆ ಧ್ವನಿ ತುಂಬಬೇಕು, ಕೆಳಗಾದರೆ ಇಳಿಸಬೇಕು. ಬೆರಳುಗಳು ಮೆಲ್ಲನೆ ಮಡಚಿಕೊಂಡರೆ ಪದದ ಕೊನೆಯ ಅಕ್ಷರವನ್ನು ಎಲ್ಲರೂ ಒಟ್ಟಿಗೆ ಮುಚ್ಚಬೇಕು. ಅಂಗೈಯನ್ನು ತಮ್ಮ ಕಿವಿಯ ಹತ್ತಿರ ಒಯ್ದು ಅಲ್ಲಿಯೇ ಹಿಡಿದರೆ ಅದಕ್ಕೆ ಒಂದೇ ಅರ್ಥ: ಹಾಡುತ್ತಿರಿ, ಆದರೆ ಈಗ ಕೇಳಿಸಿಕೊಳ್ಳಿ.

ಆ ಕೊನೆಯ ಸನ್ನೆ ಮೊದಲು ಬಂದದ್ದು ನನ್ನ ಮೇಲೆಯೇ. ನಾನು ಆಗ ಇಪ್ಪತ್ತಾರರವನು; ಧಾರವಾಡದಲ್ಲಿ ಗುರುಗಳೊಬ್ಬರ ಬಳಿ ಐದು ವರ್ಷ ಖ್ಯಾಲ್ ಕಲಿತಿದ್ದೆ. ನನ್ನ ಧ್ವನಿ ಚೆನ್ನಾಗಿದೆ ಎಂದು ಹಲವರು ಹೇಳಿದ್ದರು, ನಾನು ಅದನ್ನು ನಂಬಿದ್ದೆ. ಮೇಳದ ಮೊದಲ ಸಂಜೆ ಭೂಪ ರಾಗದಲ್ಲಿ ಕಟ್ಟಿದ ಒಂದು ಸರಳ ಪ್ರಾರ್ಥನೆಯನ್ನು ಎಲ್ಲರೂ ಹಾಡುತ್ತಿರುವಾಗ, ಗಾಂಧಾರದಿಂದ ಷಡ್ಜಕ್ಕೆ ಇಳಿಯುವ ಜಾಗದಲ್ಲಿ ನಾನು ಸ್ವರದಿಂದ ಸ್ವರಕ್ಕೆ ಜಾರುವ ಒಂದು ಮೀಂಡನ್ನು ಎಳೆದೆ, ಎರಡನೆಯ ಸಲ ಅದಕ್ಕೊಂದು ಸಣ್ಣ ಹರಕತ್ತಿನ ಅಲಂಕಾರವನ್ನೂ ಸೇರಿಸಿದೆ. ಎಡಗೈ ಕಿವಿಯ ಬಳಿಗೆ ಹೋಯಿತು. ನನಗೆ ಅರ್ಥವಾಗಲಿಲ್ಲ, ಮೆಚ್ಚುಗೆಯೆಂದುಕೊಂಡೆ. ಮೂರನೆಯ ಸಲವೂ ಹಾಗೆಯೇ ಆದಾಗ ಅವರು ಹಾಡನ್ನು ನಿಲ್ಲಿಸಿ, ಸಿಟ್ಟಿಲ್ಲದೆ, ಅನುಮಾನಕ್ಕೂ ಜಾಗವಿಲ್ಲದಂತೆ ಹೇಳಿದರು: ‘ತಮ್ಮಾ, ಬಾಜೂದವರ ಧ್ವನಿ ನಿನಗ ಕೇಳಸ್ತೇನು? ಕೇಳಸಲಿಲ್ಲಂದ್ರ ನೀ ಹಾಡಾಕತ್ತಿಲ್ಲ, ಒದರಾಕತ್ತಿ.’ ನನ್ನ ಬಾಜುವಿಗೆ ಕುಳಿತವರು ಅಂಚೆ ಇಲಾಖೆಯ ನೌಕರರು. ಅವರು ಏನು ಹಾಡುತ್ತಿದ್ದರೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ರಾತ್ರಿ ಹುಬ್ಬಳ್ಳಿಯ ಬಸ್ಸಿನಲ್ಲಿ ಕುಳಿತು ಮುಂದೆ ಹೋಗಬಾರದೆಂದು ನಿರ್ಧರಿಸಿದ್ದೆ. ಮುಂದಿನ ಗುರುವಾರ ಹೋದೆ.

ಇದನ್ನು ನನ್ನೊಬ್ಬನ ಅಹಂಕಾರವೆಂದು ಮಾತ್ರ ನೋಡುವುದು ಸರಿಯಲ್ಲ, ಇದರಲ್ಲಿ ಊರಿನ ಪಾಲೂ ಇದೆ. ಹುಬ್ಬಳ್ಳಿ, ಧಾರವಾಡ, ಗದಗ, ಕುಂದಗೋಳಗಳ ಈ ಪಟ್ಟಿಯಲ್ಲಿ ಸಂಗೀತವೆಂದರೆ ಒಂಟಿ ಕಂಠ. ಸವಾಯಿ ಗಂಧರ್ವರಿಂದ ಹಿಡಿದು ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರುಗಳವರೆಗೆ ಒಬ್ಬೊಬ್ಬರ ಧ್ವನಿಯೂ ಕಣ್ಣು ಮುಚ್ಚಿ ಗುರುತಿಸಬಹುದಾದ ಧ್ವನಿ. ಹಾಗೆ ಗುರುತು ಸಿಗುವುದೇ ಅಲ್ಲಿ ಸಾಧನೆಯ ಗುರುತು. ಮೇಳದಲ್ಲಿ ಲೆಕ್ಕ ತಿರುವುಮುರುವು. ಯಾರ ಧ್ವನಿಯೂ ಬೇರೆಯಾಗಿ ಗುರುತು ಸಿಗದಿದ್ದಾಗ ಅಲ್ಲಿ ಹಾಡು ಕೂಡಿಬಂದಿತೆಂದು ಅರ್ಥ. ಅಕ್ಕೋರು ಈ ಹಿರಿಯರ ಪರಂಪರೆಯನ್ನು ಕಡೆಗಣಿಸಿದವರಲ್ಲ; ಬೆಳಗಿನ ರಿಯಾಜನ್ನು ಅರವತ್ತೆಂಟರ ವಯಸ್ಸಿನವರೆಗೂ ತಪ್ಪಿಸಲಿಲ್ಲ. ಅದೇ ಪರಂಪರೆಯಿಂದಲೇ ಮೇಳಕ್ಕೆ ಬೇಕಾದದ್ದನ್ನೂ ತೆಗೆದುಕೊಂಡರು. ನಮ್ಮಲ್ಲಿ ಒಬ್ಬ ಹೆಣ್ಣುಮಗಳಿದ್ದಳು, ಮಂದ್ರದಲ್ಲಿ ಮಾತ್ರ ಸುಖವಾಗಿ ಹಾಡಬಲ್ಲವಳು. ಶಾಲೆಯಲ್ಲಿ ಗಂಡುದನಿ ಎಂದು ಕರೆಸಿಕೊಂಡು ಹಾಡುವುದನ್ನೇ ಬಿಟ್ಟಿದ್ದಳು. ಅಕ್ಕೋರು ಆಕೆಯನ್ನು ಗಂಡಸರ ಸಾಲಿನ ನಡುವೆ ಕೂರಿಸಿ, ‘ಗಂಗೂಬಾಯಿಯವರ ಊರಾಗ ಹುಟ್ಟಿ ಈ ಧ್ವನಿಗೆ ನಾಚತಿಯೇನ?’ ಎಂದು ಕೇಳಿದರು. ಆಮೇಲೆ ಆ ಸಾಲಿಗೆ ಆಧಾರವಾದದ್ದು ಆಕೆಯ ಧ್ವನಿಯೇ.

ಗಂಡಸರೂ ಹೆಂಗಸರೂ ಕೂಡಿ ಹಾಡುವಾಗ ಎದುರಾಗುವ ಮೊದಲ ಪ್ರಶ್ನೆ ಪಟ್ಟಿಯದು, ಅಂದರೆ ಯಾವ ಶ್ರುತಿಯಲ್ಲಿ ಹಾಡಬೇಕೆಂಬುದು. ನಮ್ಮ ಕಡೆ ಸಾಮಾನ್ಯವಾಗಿ ಗಂಡಸರು ಹಾರ್ಮೋನಿಯಮ್ಮಿನ ಕಪ್ಪು ಒಂದರ, ಅಂದರೆ ಮೊದಲ ಕಪ್ಪು ಮನೆಯ, ಆಸುಪಾಸಿನಲ್ಲಿ ಷಡ್ಜ ಇಟ್ಟುಕೊಳ್ಳುತ್ತಾರೆ. ಹೆಂಗಸರಿಗೆ ಕಪ್ಪು ನಾಲ್ಕೋ ಐದೋ ಬೇಕು. ಭಜನಾ ಮಂಡಳಿಗಳಲ್ಲಿ ಇದಕ್ಕೆ ಪರಿಹಾರವೆಂದರೆ ಯಾರಾದರೊಬ್ಬರು ಕಷ್ಟಪಡುವುದು: ಒಂದೋ ಹೆಂಗಸರು ಗಂಟಲಿನ ತಳದಲ್ಲಿ ಗುನುಗಬೇಕು, ಇಲ್ಲವೇ ಗಂಡಸರು ಕತ್ತಿನ ನರ ಉಬ್ಬಿಸಬೇಕು. ಅಕ್ಕೋರು ಈ ತೊಂದರೆಯನ್ನೇ ಉಪಾಯವಾಗಿ ತಿರುಗಿಸಿದರು. ಕಪ್ಪು ಒಂದನ್ನು ಷಡ್ಜವೆಂದುಕೊಂಡರೆ ಕಪ್ಪು ನಾಲ್ಕು ಸರಿಯಾಗಿ ಅದರ ಪಂಚಮ. ಹೆಂಗಸರು ತಮ್ಮ ಷಡ್ಜದಲ್ಲಿ ನಿಂತರೆ ಅದೇ ಗಂಡಸರ ಪಂಚಮವಾಗುತ್ತದೆ. ಸ್ವರ ಒಂದೇ, ಹೆಸರು ಎರಡು. ತಂಬೂರಿಯ ತಂತಿಗಳೂ ಹಾಗೆಯೇ ಅಲ್ಲವೇ: ಒಂದು ಪಂಚಮ, ನಡುವೆ ಜೋಡಿ ಷಡ್ಜ, ಕೊನೆಗೆ ಖರ್ಜ ಎಂಬ ಕೆಳಗಿನ ಷಡ್ಜ. ಹದಿನಾಲ್ಕು ಜನರನ್ನು ಅವರು ಮೊದಲು ಒಂದು ತಂಬೂರಿಯನ್ನಾಗಿ ಮಾಡಿದರು. ಕೆಲವು ಹಾಡುಗಳಲ್ಲಿ ಗಂಡಸರು ಷಡ್ಜವನ್ನು ಸುಮ್ಮನೆ ಹಿಡಿದಿದ್ದರೆ ಹೆಂಗಸರು ರಾಗವನ್ನು ಅದರ ಮೇಲೆ ನಡೆಸುತ್ತಿದ್ದರು, ಮುಂದಿನ ನುಡಿಯಲ್ಲಿ ಹೆಂಗಸರು ತಮ್ಮ ಸ್ವರದಲ್ಲಿ ನಿಂತು ಗಂಡಸರನ್ನು ಕೆಳಗೆ ನಡೆಯಬಿಡುತ್ತಿದ್ದರು. ಚರ್ಚಿನ ಹಿತ್ತಲಿನಲ್ಲಿ ಕೇಳಿದ ಹಲವು ಧ್ವನಿಗಳ ಹಾಡನ್ನು ಅವರು ಹಾಗೆಯೇ ಎತ್ತಿ ತರಲಿಲ್ಲ. ಮೂರು ಸ್ವರ ಒಟ್ಟಿಗೆ ಬದಲಾಗುತ್ತ ಹೋದರೆ ರಾಗದ ಮುಖ ಕೆಡುತ್ತದೆಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಈ ವಿಷಯದಲ್ಲಿ ಅವರೊಂದಿಗೆ ವಾದ ಮಾಡಿದವರಿದ್ದರು. ಅವರು ಮಾಡಿದ್ದೇ ಸರಿಯೆಂದು ನನ್ನ ಕಿವಿ ಹೇಳುತ್ತದೆ.

ಉಸಿರಿನ ಪಾಠವನ್ನು ಅವರು ಬೀಸುಕಲ್ಲಿನಿಂದ ಹೇಳಿದರು. ಉದ್ದನೆಯ ಸ್ವರವನ್ನು ಹದಿನಾಲ್ಕು ಜನ ಕಡಿಯದೆ ಹಿಡಿಯಬೇಕಾದರೆ ಎಲ್ಲರೂ ಒಂದೇ ಕ್ಷಣದಲ್ಲಿ ಉಸಿರು ತೆಗೆದುಕೊಳ್ಳಬಾರದು. ‘ನಮ್ಮವ್ವ ಮತ್ತ ನಮ್ಮ ಚಿಗವ್ವ ಎದರಬದರ ಕುಂತು ಜ್ವಾಳ ಬೀಸತಿದ್ರು. ಒಬ್ಬಾಕಿ ಉಸುರು ಮುಗ್ಯೂದ್ರಾಗ ಇನ್ನೊಬ್ಬಾಕಿ ಪದ ಎತಗೊಂಡಿರತಿದ್ಲು. ಕಲ್ಲು ನಿಂದರತಿರಲಿಲ್ಲ, ಪದಾನೂ ನಿಂದರತಿರಲಿಲ್ಲ’ ಎಂದು ಅವರು ಹೇಳಿದಾಗ, ನಮ್ಮಲ್ಲಿ ಕಲ್ಲಿನ ಮುಂದೆ ಕುಳಿತು ಬೀಸಿದ ಇಬ್ಬರು ಹಿರಿಯ ಹೆಣ್ಣುಮಕ್ಕಳು ಆ ಕ್ಷಣವೇ ಹಾಡಿ ತೋರಿಸಿದರು. ಬಾಜುವಿನವರು ಉಸಿರು ತೆಗೆದುಕೊಳ್ಳುವುದನ್ನು ಗಮನಿಸಿ, ಅವರು ಬಿಟ್ಟ ಜಾಗವನ್ನು ತಾನು ತುಂಬಬೇಕು. ತನ್ನ ಉಸಿರಿನ ಜಾಗವನ್ನು ಅವರು ತುಂಬುತ್ತಾರೆಂದು ನೆಚ್ಚಬೇಕು. ಕಲಿಯಲು ನಮಗೆ ಎರಡು ವರ್ಷ ಹಿಡಿಯಿತು.

ಅಭ್ಯಾಸದ ಹೊತ್ತಿಗೆ ವಾದ್ಯಗಳಿರಲಿಲ್ಲ. ಮನೆಗಳಲ್ಲಿ ನಡೆಯುವ ಸಭೆಗೆ ಹಾರ್ಮೋನಿಯಂ, ತಬಲಾ ತರಬಾರದೆಂಬ ನಿಯಮವೇನೂ ಇಲ್ಲ. ಆದರೆ ಬಹಾಯಿ ಆರಾಧನಾ ಮಂದಿರಗಳ ಒಳಗೆ ವಾದ್ಯ ನುಡಿಸುವಂತಿಲ್ಲ, ಪ್ರವಚನ ಮಾಡುವಂತಿಲ್ಲ. ಧರ್ಮಗ್ರಂಥಗಳ ಪಾಠ ಮನುಷ್ಯರ ಕಂಠದಿಂದಷ್ಟೇ ಬರಬೇಕು, ಓದಾಗಿಯಾಗಲಿ ಹಾಡಾಗಿಯಾಗಲಿ. ನಮ್ಮ ಪಡಸಾಲೆಯೂ ಆ ಮಂದಿರದ ಒಂದು ಮೂಲೆ ಎಂಬ ಭಾವದಲ್ಲಿ ಅವರು ಕಲಿಸುತ್ತಿದ್ದರು. ಇಲೆಕ್ಟ್ರಾನಿಕ್ ತಂಬೂರಿಯನ್ನು ಆರಂಭದಲ್ಲಿ ಒಂದು ನಿಮಿಷ ಹಚ್ಚಿ ಆರಿಸಿಬಿಡುತ್ತಿದ್ದರು. ಹಾಡು ಮುಗಿದ ಕೂಡಲೇ ಮತ್ತೆ ಹಚ್ಚುತ್ತಿದ್ದರು. ಅಷ್ಟರಲ್ಲಿ ನಮ್ಮ ಷಡ್ಜ ಕೂದಲೆಳೆಯಷ್ಟೋ ಬೆರಳಷ್ಟೋ ಕೆಳಗಿಳಿದಿರುತ್ತಿತ್ತು. ವಾದ್ಯದ ಆಸರೆಯಿಲ್ಲದೆ ಕೂಡಿ ಹಾಡುವವರೆಲ್ಲರಿಗೂ ಇದು ಆಗುವಂಥದ್ದೇ: ಪ್ರತಿಯೊಬ್ಬರೂ ಬಾಜುವಿನವರಿಗೆ ಒಂದಿಷ್ಟು ಸೋಲುತ್ತ ಹೋಗುತ್ತಾರೆ, ಯಾರಿಗೂ ತಿಳಿಯದಂತೆ ಎಲ್ಲರೂ ಇಳಿದಿರುತ್ತಾರೆ. ಯಾರಿಂದ ಇಳಿಯಿತೆಂದು ನಾವು ಒಬ್ಬರ ಮುಖ ಒಬ್ಬರು ನೋಡಿದರೆ ಅಕ್ಕೋರು ಆ ಹುಡುಕಾಟವನ್ನು ಒಪ್ಪುತ್ತಿರಲಿಲ್ಲ. ‘ಎಲ್ಲಾರೂ ಕೂಡೇ ಇಳದೀರಿ. ಕೂಡೇ ಏರೋಣ ನಡೀರಿ’ ಎಂದು ಮೊದಲಿನಿಂದ ಹಿಡಿಸುತ್ತಿದ್ದರು.

ಏರುವ ಮಾತು ಅವರಿಗೆ ಸುಮ್ಮನೆ ಬಂದದ್ದಲ್ಲ. ಈಗಿನ ಇಸ್ರೇಲಿನಲ್ಲಿರುವ ಅಕ್ಕಾ ಪಟ್ಟಣದಲ್ಲಿ ಗಡೀಪಾರಿನ ಬಂಧಿಯಾಗಿದ್ದ ಕಾಲದಲ್ಲಿ, 1873ರ ಸುಮಾರಿಗೆ ಬಹಾಉಲ್ಲಾ ಬರೆದ ಧರ್ಮಸಂಹಿತೆಯಲ್ಲಿ ಸಂಗೀತವನ್ನೂ ಹಾಡನ್ನೂ ಕೇಳುವುದಕ್ಕೆ ಸ್ಪಷ್ಟವಾದ ಅನುಮತಿಯಿದೆ. ಸಂಗೀತವು ಆತ್ಮಗಳು ಮೇಲಿನ ಲೋಕಕ್ಕೆ ಏರುವ ಏಣಿ ಎಂದೂ, ಅದನ್ನು ಅಹಂಕಾರಕ್ಕೂ ಕಾಮನೆಗಳಿಗೂ ರೆಕ್ಕೆಯನ್ನಾಗಿ ಮಾಡಿಕೊಳ್ಳಬಾರದೆಂದೂ ಅಲ್ಲಿ ಹೇಳಿದೆ. ಏಣಿ ಮತ್ತು ರೆಕ್ಕೆಗಳ ನಡುವಿನ ಈ ಭೇದವನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ರೆಕ್ಕೆ ಒಬ್ಬನಿಗೇ ಸಾಕಾಗುವಂಥದ್ದು. ಏಣಿಯನ್ನು ಕೆಳಗೆ ಯಾರಾದರೂ ಹಿಡಿದಿರಬೇಕು. ಅದೇ ಗ್ರಂಥದಲ್ಲಿರುವ ಇನ್ನೊಂದು ಮಾತೂ ಅಕ್ಕೋರಿಗೆ ಪ್ರಿಯವಾಗಿತ್ತು: ದಣಿವಿನಿಂದ ಎಲ್ಲ ಪವಿತ್ರ ಗ್ರಂಥಗಳನ್ನು ಓದುವುದಕ್ಕಿಂತ ಉಲ್ಲಾಸದಿಂದ ಒಂದೇ ವಾಕ್ಯವನ್ನು ಓದುವುದು ಮೇಲು. ಗಂಟಲು ದಣಿದದ್ದು ಕಂಡರೆ ಅವರು ಅರ್ಧಕ್ಕೇ ಅಭ್ಯಾಸ ನಿಲ್ಲಿಸಿ, ಅಡುಗೆಮನೆಯಿಂದ ಚುರುಮುರಿ ಮತ್ತು ಚಹಾ ತರಿಸುತ್ತಿದ್ದರು.

ನಾನು ಕನ್ನಡ ಪಾಠ ಮಾಡಿ ಬದುಕುವವನಾದ್ದರಿಂದ ಅವರಿಂದ ನನಗೆ ದೊರೆತ ಅತಿ ದೊಡ್ಡ ಪಾಠ ಮಾತಿಗೆ ಸಂಬಂಧಿಸಿದ್ದು. ಬಹಾಯಿ ಪ್ರಾರ್ಥನೆಗಳು ಪರ್ಶಿಯನ್ ಮತ್ತು ಅರಬ್ಬಿ ಮೂಲದವು. ನಾವು ಹಾಡುವುದು ಅವುಗಳ ಕನ್ನಡ ಅನುವಾದವನ್ನು. ಅದು ಗದ್ಯ. ಪ್ರಾಸವಿಲ್ಲ, ಮಾತ್ರೆಯ ಲೆಕ್ಕವಿಲ್ಲ, ಒಂದು ವಾಕ್ಯ ಮೂರು ಪದದ್ದಾದರೆ ಮುಂದಿನದು ಇಪ್ಪತ್ತು ಪದದ್ದು. ಹಾಡಿಗೆ ಅನುಕೂಲವಾಗಲೆಂದು ಪದಗಳನ್ನು ಹಿಂದೆಮುಂದೆ ಮಾಡುವ, ಸೇರಿಸುವ, ಬಿಡುವ ಹಕ್ಕು ನಮಗಿಲ್ಲವೆಂದು ಅಕ್ಕೋರು ತಿಳಿದಿದ್ದರು. ಭಜನೆಯ ಧಾಟಿಗೆ ಈ ಗದ್ಯವನ್ನು ತುರುಕಲು ಬೇರೆ ಕೆಲವರು ಮಾಡಿದ ಪ್ರಯತ್ನಗಳನ್ನು ನಾನು ಕೇಳಿದ್ದೇನೆ. ತಾಳ ಉಳಿಯುತ್ತದೆ, ಅರ್ಥ ಮುರಿಯುತ್ತದೆ. ಇದಕ್ಕೆ ಅವರು ಕಂಡುಕೊಂಡ ದಾರಿ ನಮ್ಮ ನೆಲದಲ್ಲಿಯೇ ಇತ್ತು. ಹನ್ನೆರಡನೆಯ ಶತಮಾನದ ವಚನಗಳೂ ಛಂದಸ್ಸಿನ ಕಟ್ಟಿಗೆ ಒಳಪಡದ ಮಾತೇ ಅಲ್ಲವೇ? ಅವನ್ನು ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ರಾಗಗಳಲ್ಲಿ ಹಾಡಿದರಲ್ಲವೇ? ವಾಕ್ಯದ ಉದ್ದಕ್ಕೆ ತಕ್ಕಂತೆ ರಾಗ ಕಾಯುತ್ತದೆ, ಮಾತು ಮುಗಿದಲ್ಲಿ ಸ್ವರ ಇಳಿಯುತ್ತದೆ; ಮಾತನ್ನು ರಾಗ ಹೊತ್ತೊಯ್ಯುತ್ತದೆಯೇ ಹೊರತು ತುಳಿಯುವುದಿಲ್ಲ. ವಚನ ಗಾಯನದ ಧ್ವನಿಮುದ್ರಿಕೆಗಳನ್ನು ಅವರು ನಮಗೆ ಒಂದು ಇಡೀ ಬೇಸಿಗೆ ಕೇಳಿಸಿದರು. ಗದ್ಯವನ್ನು ಹಾಡುವುದು ಹೇಗೆಂದು ಕನ್ನಡಕ್ಕೆ ಮೊದಲೇ ಗೊತ್ತಿತ್ತು.

ಆದರೆ ಒಂದು ಕಡೆ ವಚನದ ದಾರಿ ನಮಗೆ ಸಾಕಾಗಲಿಲ್ಲ. ಬಾಗ್ದಾದಿನಲ್ಲಿದ್ದಾಗ, 1858ರ ಸುಮಾರಿಗೆ ಬಹಾಉಲ್ಲಾ ಬರೆದ ಪುಟ್ಟಪುಟ್ಟ ಸೂಕ್ತಿಗಳ ಒಂದು ಸಂಗ್ರಹವಿದೆ. ಅರಬ್ಬಿಯಲ್ಲಿ 71, ಪರ್ಶಿಯನ್ನಿನಲ್ಲಿ 82. ಗಾತ್ರದಲ್ಲಿ ಅವು ವಚನಗಳಂತೆಯೇ ಇವೆ. ವಚನಕಾರರು ತಮ್ಮ ದೈವವನ್ನು ಕೊನೆಯಲ್ಲಿ, ಅಂಕಿತದಲ್ಲಿ ಕರೆಯುತ್ತಾರೆ; ಅಷ್ಟೂ ಮಾತು ಆ ಹೆಸರಿನ ಕಡೆಗೆ ಹರಿದು ಅಲ್ಲಿ ನೆಲೆ ನಿಲ್ಲುತ್ತದೆ. ಈ ಸೂಕ್ತಿಗಳಲ್ಲಿಯಾದರೋ ಕರೆ ಮೊದಲಿಗೇ ಬರುತ್ತದೆ, ಮತ್ತು ಅಲ್ಲಿ ಕರೆಯುವವನು ದೇವರು, ಕರೆಸಿಕೊಳ್ಳುವವನು ಮನುಷ್ಯ. ಚೇತನದ ಮಗನೇ, ಅಸ್ತಿತ್ವದ ಮಗನೇ ಎಂಬಂಥ ಸಂಬೋಧನೆಯಿಂದ ಮಾತು ಹೊರಡುತ್ತದೆ. ಇದನ್ನು ಮೊದಲು ಗುರುತಿಸಿದವನು ನಾನು. ಆ ಸಂಜೆ ಹೇಳಿದಾಗ ಅಕ್ಕೋರು ಬಹಳ ಹೊತ್ತು ಸುಮ್ಮನಿದ್ದು, ಕಟ್ಟಿದ್ದ ಧಾಟಿಯನ್ನು ಮುಂದಿನ ವಾರದೊಳಗೆ ಪೂರ್ತಿ ಬದಲಿಸಿದರು. ಷಡ್ಜದಿಂದ ಎದ್ದು ಷಡ್ಜಕ್ಕೆ ಮರಳುತ್ತಿದ್ದ ಹಾಡು ಈಗ ತಾರಸ್ಥಾಯಿಯ ಷಡ್ಜದಿಂದ, ದೂರದಿಂದ ಯಾರೋ ಕೂಗಿದಂತೆ ಆರಂಭವಾಗಿ, ಒಂದೊಂದೇ ಮೆಟ್ಟಿಲು ಇಳಿದು, ಕೊನೆಗೆ ಪಂಚಮದಲ್ಲಿ ಮುಗಿಯದೆ ನಿಂತಿತು. ಉತ್ತರ ಕೇಳಿದವನು ಕೊಡಬೇಕಾದದ್ದು, ಅದಕ್ಕೇ ಷಡ್ಜಕ್ಕೆ ಬರಬಾರದು ಎಂದು ಅವರು ವಿವರಿಸಿದರು. ನಮ್ಮ ಮೇಳ ಹಾಡಿದ್ದರಲ್ಲೆಲ್ಲ ಆ ಹಾಡಿಗೆ ಸರಿದೂಗುವುದು ಇನ್ನೊಂದಿಲ್ಲವೆಂಬುದು ನನ್ನ ನಂಬಿಕೆ.

ಅದೇ ಹಾಡನ್ನು ನಾವು ದೆಹಲಿಯ ಕಮಲ ಮಂದಿರದಲ್ಲಿ ಹಾಡಿದೆವು. ಇರಾನ್ ಮೂಲದ ವಾಸ್ತುಶಿಲ್ಪಿ ಫರಿಬೋರ್ಜ್ ಸಹಬಾ ರೂಪಿಸಿದ ಆ ಮಂದಿರ 1986ರಲ್ಲಿ ಲೋಕಾರ್ಪಣೆಗೊಂಡದ್ದು. ಗ್ರೀಸಿನ ಅಮೃತಶಿಲೆ ಹೊದಿಸಿದ 27 ದಳಗಳು, ನಡುವಿನ ಸಭಾಂಗಣಕ್ಕೆ 9 ಬಾಗಿಲುಗಳು, ಹೊರಗೆ ದಳಗಳ ಬುಡದಲ್ಲಿ 9 ಕೊಳಗಳು. ಒಳಗೆ ಮೂರ್ತಿಯಿಲ್ಲ, ವೇದಿಕೆಯ ಅಬ್ಬರವಿಲ್ಲ, ಯಾವ ಧರ್ಮದವರಾದರೂ ಬಂದು ಮೌನವಾಗಿ ಕೂಡಬಹುದು. ಎರಡು ರಾತ್ರಿಯ ರೈಲು ಪ್ರಯಾಣದ ತುಂಬ ನಾವು ಸಣ್ಣಗೆ ಹಾಡಿಕೊಳ್ಳುತ್ತಲೇ ಹೋಗಿದ್ದೆವು, ಬಾಯಿಪಾಠದ ಬಗ್ಗೆ ನಮಗೆ ಅನುಮಾನವಿರಲಿಲ್ಲ. ಅನುಮಾನವಿಲ್ಲದಿದ್ದುದೇ ತೊಂದರೆಯಾಯಿತು. ಹಿಂದಿನ ದಿನ ಒಂದು ಸಲ ಹಾಡಿ ನೋಡಲು ನಿಂತಾಗ, ಮೊದಲ ಕರೆ ಬಾಯಿಂದ ಹೊರಟು ಆ ಎತ್ತರದ ಛಾವಣಿಯನ್ನು ಮುಟ್ಟಿ, ನಾವು ಎರಡನೆಯ ಪದವನ್ನು ಹೇಳುತ್ತಿರುವಾಗ ನಮ್ಮ ಮೇಲೆಯೇ ಮರಳಿ ಬಂತು. ಮೂರನೆಯ ಪದಕ್ಕೆ ಮೊದಲೆರಡೂ ಕಲಸಿಹೋದವು. ಹೆಂಚಿನ ಮನೆಯ ಪಡಸಾಲೆಯಲ್ಲಿ ಸ್ವರವನ್ನು ಗೋಡೆ ಹೀರಿಕೊಳ್ಳುತ್ತಿತ್ತು, ಇಲ್ಲಿ ಹಾಡಿದ್ದೆಲ್ಲ ಗಾಳಿಯಲ್ಲಿಯೇ ಉಳಿಯುತ್ತಿತ್ತು. ಗಾಬರಿಯಲ್ಲಿ ನಾವು ಧ್ವನಿ ಏರಿಸಿದೆವು, ಅದರಿಂದ ಗೊಂದಲ ಹೆಚ್ಚಾಯಿತು.

ಅಕ್ಕೋರು ಎಡಗೈ ಮಡಚಿ ಹಾಡನ್ನು ನಿಲ್ಲಿಸಿದರು. ನಿಲ್ಲಿಸಿದ ಮೇಲೂ ನಮ್ಮ ಧ್ವನಿ ಮೇಲೆ ತಿರುಗುತ್ತಿತ್ತು. ಅದು ಪೂರ್ತಿಯಾಗಿ ಅಡಗುವವರೆಗೆ ಅವರು ಕೈಯನ್ನು ಕಿವಿಯ ಬಳಿ ಹಿಡಿದು ನಿಂತೇ ಇದ್ದರು, ನಾವೂ ನಿಂತೆವು. ಆಮೇಲೆ ಒಂದೇ ಮಾತು ಹೇಳಿದರು: ‘ಇದೂ ಒಂದು ಧ್ವನಿ ಐತಿ. ಹದಿನೈದನೇದವರು ಬಂದಾರ ಅಂತ ತಿಳೀರಿ, ಅವರನ್ನೂ ಕೇಳಿಸಿಕೊಂಡು ಹಾಡ್ರಿ.’ ಮುಂದಿನ ಮುಂಜಾನೆಯ ಪ್ರಾರ್ಥನಾ ಸಭೆಯಲ್ಲಿ ನಾವು ಕರೆಯನ್ನು ಹಾಡಿ ಕಾಯ್ದೆವು. ಅದು ಮೇಲೆ ಹೋಗಿ, ತಿರುಗಿ, ತೆಳುವಾಗಿ, ನಮ್ಮ ಕಡೆಗೆ ಇಳಿದು ಬಂದ ಮೇಲೆ ಎರಡನೆಯ ಮಾತನ್ನು ಎತ್ತಿಕೊಂಡೆವು. ಎರಡೂವರೆ ನಿಮಿಷದ ಹಾಡಿಗೆ ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಕೊನೆಯ ಪಂಚಮದಲ್ಲಿ ನಿಂತು ಬಾಯಿ ಮುಚ್ಚಿದಾಗ, ಯಾರೂ ಹಾಡದ ಒಂದು ಷಡ್ಜ ಮೇಲೆಲ್ಲೋ ಕೇಳಿಸಿದಂತಾಯಿತು. ಅದು ಕಿವಿಯ ಭ್ರಮೆಯೇ ಇರಬಹುದು. ಮಂದ್ರದ ಆ ಹೆಣ್ಣುಮಗಳಿಗೂ ಕೇಳಿಸಿತ್ತು. ಅಂಚೆ ಇಲಾಖೆಯ ಹಿರಿಯರಿಗೆ ಕೇಳಿಸಿರಲಿಲ್ಲ, ಅವರು ಅಳುತ್ತಿದ್ದರು.

ಮರಳಿ ಬಂದ ಮೇಲಿನ ವರ್ಷಗಳ ಬಗ್ಗೆ ಹೆಚ್ಚು ಬರೆಯಲಾರೆ. ಅಕ್ಕೋರಿಗೆ ಮೊದಲು ಕೈ ನಡುಗತೊಡಗಿತು, ಆಮೇಲೆ ಧ್ವನಿ ಹೋಯಿತು, ಕಿವಿ ಮಾತ್ರ ಕೊನೆಯವರೆಗೂ ಚುರುಕಾಗಿತ್ತು. ಮಂಚವನ್ನೇ ಪಡಸಾಲೆಗೆ ತಂದು ಹಾಕಿಸಿಕೊಂಡು ಗುರುವಾರದ ಅಭ್ಯಾಸಕ್ಕೆ ಕೂರುತ್ತಿದ್ದರು. ಅವರು ತೀರಿಕೊಂಡದ್ದು ಒಂದು ಬೇಸಿಗೆಯ ಮಧ್ಯಾಹ್ನ.

ಬಂಧುಗಳಲ್ಲಿ ಹೆಚ್ಚಿನವರು ಬಹಾಯಿಗಳಲ್ಲ. ಹಾವೇರಿ ಜಿಲ್ಲೆಯ ಹಿರಿಯರ ಊರಿಗೆ ಒಯ್ಯಬೇಕೆಂಬುದು ಅವರ ಮನಸ್ಸಿನಲ್ಲಿತ್ತು. ತೀರಿಕೊಂಡ ಊರಿನಿಂದ ಒಂದು ಗಂಟೆಯ ಪ್ರಯಾಣಕ್ಕಿಂತ ದೂರಕ್ಕೆ ದೇಹವನ್ನು ಒಯ್ಯಬಾರದು, ಮಣ್ಣು ಮಾಡಬೇಕು ಎಂಬುದು ನಮ್ಮ ನಿಯಮ. ಅಕ್ಕೋರು ಅದನ್ನು ತಮ್ಮ ಕೈಬರಹದಲ್ಲಿ ಬರೆದಿಟ್ಟಿದ್ದರು. ಮಣ್ಣು ಮಾಡುವುದು ಅವರ ಮನೆತನಕ್ಕೂ ಹೊಸದಾಗಿರಲಿಲ್ಲ, ದೂರದ ಮಾತಿಗೆ ಮಾತ್ರ ತಮ್ಮನವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಮೇಳದವರು ಏನು ಹಾಡುತ್ತೀರಿ ಎಂದು ಕೇಳಿದವರೂ ಅವರೇ.

ನಾವು ಹಾಡಲಿಲ್ಲ. ಬಹಾಯಿಗಳಲ್ಲಿ ನಿತ್ಯದ ಕಡ್ಡಾಯ ಪ್ರಾರ್ಥನೆಯನ್ನು ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಮಾಡಬೇಕು. ಸಾಮೂಹಿಕವಾದ ಕಡ್ಡಾಯ ಪ್ರಾರ್ಥನೆ ಎಂಬುದು ಮೃತರಿಗಾಗಿ ಹೇಳುವುದೊಂದೇ. ಅದರಲ್ಲಿಯೂ ಒಬ್ಬರು ಹೇಳುತ್ತಾರೆ, ಉಳಿದವರೆಲ್ಲರೂ ನಿಂತು ಕೇಳಿಸಿಕೊಳ್ಳುತ್ತಾರೆ. ಆರು ಚಿಕ್ಕ ವಾಕ್ಯಗಳು. ಒಂದೊಂದನ್ನೂ 19 ಸಲ ಹೇಳಬೇಕು. ನಾವೆಲ್ಲರೂ ದೇವರನ್ನು ಆರಾಧಿಸುತ್ತೇವೆ ಎಂಬುದರಿಂದ ಆರಂಭವಾಗಿ, ನಾವೆಲ್ಲರೂ ದೇವರಲ್ಲಿ ತಾಳ್ಮೆಯಿಂದಿರುತ್ತೇವೆ ಎಂಬುದರಲ್ಲಿ ಮುಗಿಯುತ್ತದೆ. ಪ್ರತಿ ವಾಕ್ಯದಲ್ಲಿಯೂ ‘ನಾವೆಲ್ಲರೂ’ ಎಂದಿದೆ, ಧ್ವನಿ ಮಾತ್ರ ಒಬ್ಬರದು. ಹೇಳುವ ಭಾಗ್ಯ ಮಂದ್ರದ ಆ ಹೆಣ್ಣುಮಗಳದಾಗಿತ್ತು. ಮಣ್ಣಿನ ರಾಶಿಯ ಬಳಿ ನಾವು ಹದಿಮೂರು ಜನ, ಯಾರೂ ಹೇಳದಿದ್ದರೂ, ಅರ್ಧಚಂದ್ರದಂತೆಯೇ ನಿಂತಿದ್ದೆವು. 114 ವಾಕ್ಯಗಳನ್ನು ಕೇಳಿಸಿಕೊಳ್ಳುವಾಗ ಆಕೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆಂಬುದು ನಮಗೆಲ್ಲರಿಗೂ ಗೊತ್ತಾಗುತ್ತಿತ್ತು. ಆ ಜಾಗವನ್ನು ತುಂಬಲು ನಮ್ಮ ಗಂಟಲುಗಳು ತಾವಾಗಿಯೇ ಸಿದ್ಧವಾಗುತ್ತಿದ್ದವು, ನಾವು ತುಂಬಲಿಲ್ಲ.

ಈ ವರ್ಷದ ಕಲಿಮಾತ್ ತಿಂಗಳ ಮೊದಲ ಗುರುವಾರ ಮಳೆ ಹಿಡಿದೇ ಇತ್ತು. ಮೇಳವನ್ನು ಈಗ ನೋಡಿಕೊಳ್ಳುವವಳು ಹತ್ತೊಂಬತ್ತರ ಹುಡುಗಿ; ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತಾಳೆ, ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ಆಕೆಗೆ ಬಲಗೈ ರೂಢಿ, ಸನ್ನೆಗಳೂ ಬೇರೆ. ಅಂಗೈ ಮೇಲಾದರೆ ಧ್ವನಿ ಇಳಿಸಬೇಕೋ ಏರಿಸಬೇಕೋ ಎಂದು ನಾವು ಹಳಬರು ಇನ್ನೂ ತಡವರಿಸುತ್ತೇವೆ. ಮೊದಲ ಅರ್ಧ ಗಂಟೆ ಬರಿಯ ಪಾಠ ಓದಿಸಿದಳು. ಆಮೇಲೆ ತಂಬೂರಿ ಹಚ್ಚಿ ಆರಿಸಿ, ಹಳೆಯ ಭೂಪದ ಪ್ರಾರ್ಥನೆಯನ್ನು ಎತ್ತಿಕೊಟ್ಟಳು. ಎರಡನೆಯ ಸಾಲಿನಲ್ಲಿ ಕೈ ಎತ್ತಿ ಹಾಡನ್ನು ನಿಲ್ಲಿಸಿ, ಸ್ವಲ್ಪ ಸಂಕೋಚದಿಂದ ನನ್ನ ಕಡೆಗೆ ನೋಡಿದಳು. ‘ಕಾಕಾ, ನಿಮ್ಮ ಧ್ವನಿ ಒಂಚೂರು ಮುಂದ ಬರಾಕತ್ತೈತ್ರಿ’ ಎಂದಳು.

ಮತ್ತೆ ಹಿಡಿದೆವು. ನಾನು ಧ್ವನಿ ಇಳಿಸಿದೆ. ಬಾಜುವಿಗೆ ಅಂಚೆ ಇಲಾಖೆಯ ಹಿರಿಯರು ಗಾಂಧಾರದಿಂದ ಷಡ್ಜಕ್ಕೆ ನೇರವಾಗಿ, ಮೆಲ್ಲಗೆ ಇಳಿಯುತ್ತಿರುವುದು ಕೇಳಿಸಿತು.